ನಮ್ಮೂರಿನ ವೀರರು: ಸುರಂಗ ತೋಡುವವರ ಕುರಿತು ನಾಲ್ಕು ಮಾತು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದುದು, ಅಧ್ಯಾಪಕನಾಗಿ ನಾನು ಮಾಡಿದ ಒಂದು ತಪ್ಪು. ಅದನ್ನು ಹೇಳಿಕೊಂಡೇ ವಿಷಯಕ್ಕೆ ಬರುವುದು ಸೂಕ್ತವೆಂದು ಭಾವಿಸುತ್ತೇನೆ.

ಅದು 1998ನೆಯ ಇಸವಿ. ದೂರದರ್ಶನದಲ್ಲಿ ‘ಶಕ್ತಿಮಾನ್’ ಧಾರಾವಾಹಿ ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು. ಏಳನೆಯ ತರಗತಿಯ ಮಕ್ಕಳಿಗೆ ‘ನಾನು ಮೆಚ್ಚಿದ ವೀರ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಹೆಚ್ಚಿನವರು ಶಕ್ತಿಮಾನನನ್ನೂ ಕೆಲವರು ಸೂಪರ್‌ಮ್ಯಾನನನ್ನೂ ಕೊಂಡಾಡಿದ್ದರು. ಒಬ್ಬ ಹುಡುಗ ಮಾತ್ರ, ತನ್ನ ಅಪ್ಪ ಸುರಂಗ ತೋಡುತ್ತಾರೆಂದು ಆರಂಭಿಸಿ ಅರ್ಧ ಪುಟ ಬರೆದಿದ್ದ. “ಕೇಳಿದ್ದು ವೀರನ ಕುರಿತು, ಅಪ್ಪನ ಕೆಲಸದ ಕುರಿತಲ್ಲ” ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದೆ. ಅವನು ಮರುಮಾತಾಡಲಿಲ್ಲ. ಮರುದಿನ ಶಕ್ತಿಮಾನನ ಮೇಲೆ ಒಂದು ಪುಟ ತುಂಬ ಬರೆದು ತಂದುಕೊಟ್ಟ.

ಮುಂದಿನ ಬೇಸಗೆಯಲ್ಲಿ ಶಾಲೆಯ ಬಾವಿ ಬತ್ತಿತು. ಹಿಂದಿನ ಗುಡ್ಡದಲ್ಲಿ ಸುರಂಗ ತೋಡಿಸುವುದೆಂದು ರಕ್ಷಕ-ಶಿಕ್ಷಕ ಸಂಘ ನಿಶ್ಚಯಿಸಿತು. ಪಿಕ್ಕಾಸು ಹೆಗಲಿಗೇರಿಸಿ ಬಂದವರು ಆ ಹುಡುಗನ ತಂದೆ.

ಹೊರಊರಿನ ಓದುಗರಿಗಾಗಿ ಸುರಂಗವೆಂದರೇನೆಂದು ಇಲ್ಲಿ ತಿಳಿಸಬೇಕು. ಕಾಸರಗೋಡಿನಲ್ಲೂ ನೆರೆಯ ದಕ್ಷಿಣ ಕನ್ನಡದಲ್ಲೂ ಮಳೆಗೆ ಕೊರತೆಯಿಲ್ಲ. ಆದರೆ ಅದರ ಬಹುಭಾಗ ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಗುಡ್ಡದ ಮುರಕಲ್ಲು ಆ ನೀರಿನ ಒಂದು ಪಾಲನ್ನು ಹೀರಿ ಒಡಲಲ್ಲಿ ಇರಿಸಿಕೊಳ್ಳುತ್ತದೆ. ಗುಡ್ಡದ ಪಕ್ಕೆಯಿಂದ ಅಡ್ಡಲಾಗಿ ಆ ಒಸರಿನವರೆಗೆ ತೋಡುವ ಬಿಲವೇ ಸುರಂಗ. ಆಳು ನಿಲ್ಲುವಷ್ಟು ಎತ್ತರ, ಭುಜ ಹಿಡಿಸುವಷ್ಟು ಅಗಲ; ಕೆಲವು ನೂರು ಮೀಟರಿಗೂ ಮೀರಿ ಸಾಗುತ್ತವೆ. ನೆಲವನ್ನು ಹೊರಕ್ಕೆ ತುಸು ಇಳಿಜಾರಾಗಿ ಬಿಡುವುದರಿಂದ ನೀರು ತಾನಾಗಿಯೇ ಹರಿದು ಬರುತ್ತದೆ. ಹಿಂದೆ ಅದನ್ನು ಅಡಕೆಯ ದಂಬೆಯಲ್ಲಿ ಮನೆಯಂಗಳಕ್ಕೆ ಇಳಿಸುತ್ತಿದ್ದರು. ಪಂಪು ಬೇಡ, ವಿದ್ಯುತ್ತು ಬೇಡ.

ಬೇಕಾದುದು ಒಳಗೆ ಹೋಗುವ ಮನುಷ್ಯ ಮಾತ್ರ. ಮಣ್ಣು ಕುಸಿಯಬಹುದು, ಗಾಳಿ ತೀರಬಹುದು. ಒಮ್ಮೆ ಅವರ ಹಿಂದೆ ನಾನೂ ಒಳಹೊಕ್ಕೆ. ಗೋಡೆಯ ಗೂಡಿನಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಅದು ಬೆಳಕಿಗಾಗಿ ಎಂದುಕೊಂಡಿದ್ದೆ.

“ಬೆಳಕಿಗೂ ಹೌದು ಮಾಷ್ಟ್ರೇ. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ. ಕೂಡಲೇ ಹೊರಗೆ ಬರಬೇಕು.”

“ನಿಮಗೆ ಹೆದರಿಕೆಯಾಗುವುದಿಲ್ಲವೇ?”

“ಆಗದೆ ಉಂಟೇ? ಹೆದರಿಕೆ ಇದ್ದದ್ದರಿಂದಲೇ ಇಷ್ಟು ವರ್ಷ ಬದುಕಿದ್ದು.”

ಅಂದು ರಾತ್ರಿ ನನಗೆ ಆ ಅರ್ಧ ಪುಟ ನೆನಪಾಯಿತು. ಗುಂಡು ತಾಗದವನಿಗೆ, ಬೆಂಕಿ ಸುಡದವನಿಗೆ ಧೈರ್ಯದ ಅಗತ್ಯವೇನು? ಕಳೆದುಕೊಳ್ಳಲು ಏನಾದರೂ ಇರುವವನ ಸೊತ್ತು ಅದು. ಕಥೆಯ ವೀರರನ್ನು ಮಕ್ಕಳು ಮೆಚ್ಚಬಾರದೆಂದು ನನ್ನ ವಾದವಲ್ಲ. ಯಕ್ಷಗಾನದ ಅಭಿಮನ್ಯುವಿಗಾಗಿ ಇಂದಿಗೂ ನನ್ನ ಕಣ್ಣು ತೇವವಾಗುತ್ತದೆ; ಹೊರಬರುವ ದಾರಿ ತಿಳಿಯದೆಯೂ ಆತ ವ್ಯೂಹ ಹೊಕ್ಕನೆಂಬುದೇ ಅದಕ್ಕೆ ಕಾರಣ. ಅಂಥವರು ನಮ್ಮ ಬೆಂಚುಗಳಲ್ಲಿ ಕುಳಿತ ಮಕ್ಕಳ ಮನೆಯಲ್ಲೇ ಇದ್ದಾರೆಂಬುದನ್ನು ಕಾಣದೆ ಹೋದುದು ನನ್ನ ದೋಷ.

ಇಂಥ ಕಾಯಕವನ್ನು ನಾಡು ಗುರುತಿಸಿದ ನಿದರ್ಶನವೂ ಉಂಟು. ಗಡಿಯಾಚೆಗಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ತೆಂಗು, ಅಡಕೆ ಮರ ಹತ್ತುವ ಕೂಲಿಯಾಗಿದ್ದವರು. ತಮಗೆ ದೊರೆತ ಬೋಳುಗುಡ್ಡದ ತುಂಡಿನಲ್ಲಿ ಕೂಲಿ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬಂಟಿಯಾಗಿ ಸುರಂಗ ತೋಡಿದರು. ಒಂದರ ಹಿಂದೊಂದು ಸುರಂಗ ಒಣಗಿಯೇ ಉಳಿಯಿತು. ವರ್ಷಗಳ ಶ್ರಮ ಮಣ್ಣಾಯಿತು. ಆದರೂ ಮತ್ತೊಂದಕ್ಕೆ ಕೈಹಾಕಿ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಎಲ್ಲರಿಗೂ ಪದ್ಮಶ್ರೀ ದೊರೆಯದು. ಕೊಳವೆಬಾವಿಗಳು ಹೆಚ್ಚಿದಂತೆ ಸುರಂಗ ತೋಡುವವರೂ ವಿರಳವಾಗುತ್ತಿದ್ದಾರೆ. ನಮ್ಮ ಶಾಲೆಯ ಸಭಾಭವನದಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕವಿದೆ. ನೀರು ತಂದವರ ಹೆಸರು ಅದರಲ್ಲಿಲ್ಲ. ಅವರು ಈಗಿಲ್ಲ. ಇಲ್ಲಿ ಹೆಸರು ಅಚ್ಚಾಗುವುದು ಬೇಡವೆಂದು ಅವರ ಮಗ ವಿನಯದಿಂದ ಹೇಳಿರುವುದರಿಂದ ನಾನೂ ಬರೆಯಲಿಲ್ಲ. ಆದರೆ ಆ ಫಲಕದಲ್ಲಿ ‘ಸುರಂಗ ತೋಡಿದವರು’ ಎಂಬ ಒಂದು ಸಾಲನ್ನಾದರೂ ಈ ಮಹೋತ್ಸವದ ನೆನಪಿಗೆ ಕೆತ್ತಿಸಬೇಕೆಂದು ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹ.

ಕೊನೆಯದಾಗಿ, ಆ ಹಳೆಯ ವಿದ್ಯಾರ್ಥಿಗೆ ಒಂದು ಮಾತು. ಮಗೂ, ನಿನ್ನ ಪ್ರಬಂಧ ಸರಿಯಾಗಿಯೇ ಇತ್ತು. ಕೆಂಪು ಶಾಯಿಯ ಆ ವಾಕ್ಯವನ್ನು ಈ ಪುಟದಲ್ಲಿ ಹಿಂತೆಗೆದುಕೊಂಡಿದ್ದೇನೆ.