ಗೋಪುರದ ಎತ್ತರವೂ ಕಾರಿನ ವೇಗವೂ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿ ದೇವಾಲಯದ ಗೋಪುರವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಅದರ ಎತ್ತರ ಸುಮಾರು ೧೨೦ ಅಡಿ. ಅದರ ತುದಿಯಿಂದ ಕಲ್ಲೊಂದು ಬಿದ್ದಿತೆನ್ನೋಣ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು ೯೬ ಕಿಲೋಮೀಟರ್. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದತ್ತ ಹೊರಟ ಕಾರು ಇದೇ ವೇಗದಲ್ಲಿ ಓಡುತ್ತಿದ್ದರೂ ನಾವು ಒಳಗೆ ಕುಳಿತು ನಿಶ್ಚಿಂತೆಯಿಂದ ಹರಟುತ್ತೇವೆ. ಗೋಪುರದ ತುದಿಯಲ್ಲಿದ್ದೇವೆಂಬ ಭಾವನೆಯೇ ನಮಗೆ ಬರುವುದಿಲ್ಲ.

೨೦೨೩ರ ಮೇ ೨೯ರಂದು ನರಸೀಪುರದ ಸಮೀಪ, ಕುರುಬೂರಿನ ಬಳಿ, ಕಾರಿಗೂ ಖಾಸಗಿ ಬಸ್ಸಿಗೂ ಢಿಕ್ಕಿಯಾಗಿ ಹತ್ತು ಮಂದಿ ಮೃತರಾದರು. ಅವರಲ್ಲಿ ಮಕ್ಕಳೂ ಇದ್ದರು. ಢಿಕ್ಕಿಯಾದಾಗ ಒಳಗಿರುವವರನ್ನು ಉಳಿಸಲು ಕಾರಿನ ತಯಾರಕರು ಏನು ಮಾಡುತ್ತಾರೆ? ಆ ರಕ್ಷಣೆಯ ಮಿತಿ ಎಲ್ಲಿದೆ?

ಚಲಿಸುವ ವಸ್ತು ನಿಲ್ಲಬೇಕಾದರೆ ಅದರ ಚಲನಶಕ್ತಿ ವ್ಯಯವಾಗಲೇಬೇಕು. ಗಾರೆ ಕೆಲಸದವರು ಇಟ್ಟಿಗೆ ಹಿಡಿಯುವುದನ್ನು ಗಮನಿಸಿರಿ. ಅವರು ಕೈಯನ್ನು ಸೆಟೆಸಿ ನಿಲ್ಲುವುದಿಲ್ಲ. ಇಟ್ಟಿಗೆಯೊಡನೆ ಕೈಯನ್ನೂ ಹಿಂದಕ್ಕೆ ಸರಿಸುತ್ತಾರೆ. ನಿಲ್ಲುವ ದೂರ ಹೆಚ್ಚಿದಷ್ಟೂ ತಾಗುವ ಬಲ ಕಡಿಮೆಯಾಗುತ್ತದೆ.

ಕಾರಿನ ವಿನ್ಯಾಸದ ಮರ್ಮವೂ ಇದೇ. ಇಡೀ ಕಾರು ಗಟ್ಟಿಯಾಗಿದ್ದರೆ ಸಾಕೆಂದು ಹಿಂದೆ ಜನ ನಂಬಿದ್ದರು. ಬೇಲಾ ಬಾರೆನಿ ಎಂಬ ಎಂಜಿನಿಯರು ಬೇರೆಯೇ ವಿಚಾರವನ್ನು ಮುಂದಿಟ್ಟರು: ಜನ ಕೂರುವ ಗೂಡು ಗಟ್ಟಿಯಾಗಿರಲಿ, ಮುಂಭಾಗವೂ ಹಿಂಭಾಗವೂ ನಜ್ಜುಗುಜ್ಜಾಗಿ ಶಕ್ತಿಯನ್ನು ಹೀರಲಿ. ೧೯೫೯ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಇದು ಕಾರ್ಯರೂಪಕ್ಕೆ ಬಂದಿತು. ಅದೇ ವರ್ಷ ವೋಲ್ವೋ ಕಾರುಗಳಲ್ಲಿ ನಿಲ್ಸ್ ಬೋಲಿನ್ ರೂಪಿಸಿದ, ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ಕಾಣಿಸಿಕೊಂಡಿತು.

ಇವೆರಡೂ ಒಂದನ್ನೊಂದು ಅವಲಂಬಿಸಿವೆ. ಮುಂಭಾಗ ಕುಗ್ಗಿದುದರ ಪ್ರಯೋಜನ ಕಾರಿಗೆ ಬಿಗಿದುಕೊಂಡವರಿಗೆ ಮಾತ್ರ ದೊರೆಯುತ್ತದೆ. ಬೆಲ್ಟ್ ಧರಿಸದವರು ಜಡತ್ವದಿಂದ ಮುಂದುವರಿದು, ಗಾಜಿಗೋ ಮುಂದಿನ ಆಸನಕ್ಕೋ ಬಡಿದು, ಕೆಲವೇ ಸೆಂಟಿಮೀಟರುಗಳಲ್ಲಿ ನಿಲ್ಲುತ್ತಾರೆ.

ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ೨೦೨೩ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ವ್ಯವಸ್ಥೆಯಲ್ಲಿ, ಅಳತೆಯ ಉಪಕರಣಗಳಿರುವ ಮನುಷ್ಯಾಕೃತಿಯ ಬೊಂಬೆಗಳನ್ನು ಕಾರಿನಲ್ಲಿ ಕೂರಿಸುತ್ತಾರೆ. ಬಳಿಕ ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ, ಕಾರಿನ ಅಗಲದ ಶೇಕಡಾ ೪೦ ಭಾಗ ಮಾತ್ರ ತಾಗುವಂತೆ, ಕುಗ್ಗಬಲ್ಲ ತಡೆಯೊಂದಕ್ಕೆ ಢಿಕ್ಕಿ ಹೊಡೆಸುತ್ತಾರೆ. ತಲೆ, ಎದೆ, ಕಾಲುಗಳಿಗಾದ ಆಘಾತವನ್ನು ಅಳೆದು ಕಾರಿಗೆ ನಕ್ಷತ್ರಗಳನ್ನು ನೀಡುತ್ತಾರೆ.

ಈ ವೇಗದ ಕಾರು ೬೦ ಸೆಂಟಿಮೀಟರ್ ದೂರದಲ್ಲಿ ಒಂದೇ ಸಮನೆ ನಿಧಾನಗೊಂಡು ನಿಂತಿತೆಂದು ಭಾವಿಸೋಣ. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದರೆ, ಆ ನಿಧಾನಗತಿ ಗುರುತ್ವ ವೇಗೋತ್ಕರ್ಷದ ಸುಮಾರು ೨೭ರಷ್ಟಾಗುತ್ತದೆ. ಬೆಲ್ಟ್ ಈ ಬಲವನ್ನು ಎದೆ ಮತ್ತು ಸೊಂಟದ ಎಲುಬುಗಳಿಗೆ ಹಂಚುತ್ತದೆ. ಆದರೆ ತೊಡೆಯ ಮೇಲಿರುವ ೧೦ ಕಿಲೋಗ್ರಾಂ ತೂಕದ ಮಗುವನ್ನು ಹಿಡಿದುಕೊಳ್ಳಲು ೨೭೦ ಕಿಲೋಗ್ರಾಂ ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅಷ್ಟು ಬಲವಿಲ್ಲ. ಮಗುವಿಗೆ ಅದರದೇ ಆಸನ ಬೇಕೆನ್ನುವುದು ಇದಕ್ಕಾಗಿಯೇ.

ಈಗ ಮತ್ತೆ ಗೋಪುರಕ್ಕೆ ಬರೋಣ. ಪರೀಕ್ಷೆಯ ವೇಗವು ೫೩ ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. ಗೋಪುರದ ಅರ್ಧಕ್ಕಿಂತಲೂ ಕಡಿಮೆ. ಗಂಟೆಗೆ ೯೬ ಕಿಲೋಮೀಟರಿನಲ್ಲಿ ವೇಗವೇನೋ ಒಂದೂವರೆ ಪಟ್ಟು, ಆದರೆ ಚಲನಶಕ್ತಿ ಎರಡೂಕಾಲು ಪಟ್ಟು. ಐದು ನಕ್ಷತ್ರ ಪಡೆದ ಕಾರೂ ಈ ಢಿಕ್ಕಿಯಲ್ಲಿ ಪರೀಕ್ಷಿತವಾದುದು ಆ ೫೩ ಅಡಿಗೆ ಮಾತ್ರ. ಉಳಿದ ಎತ್ತರವನ್ನು ಇಳಿಸುವುದು ಎಂಜಿನಿಯರಿನ ಕೈಯಲ್ಲಿಲ್ಲ; ಅದು ಚಾಲಕನ ಪಾದದಲ್ಲಿದೆ.