ಅಪ್ಪ ಬಾಂಬೆಗೆ ಹೋಗವ್ನೆ

ಮಂಡ್ಯ ಜಿಲ್ಲೆಯ ಕಿಕ್ಕೇರಿ ಕಡೆ ಅಪ್ಪನನ್ನು ಕಳೆದುಕೊಂಡ ಎಳೆಮಕ್ಕಳಿಗೆ ದೊಡ್ಡವರು ಹೇಳುವ ಸುಳ್ಳೊಂದಿದೆ: ‘ನಿಮ್ಮಪ್ಪ ಬಾಂಬೆಗೆ ಹೋಗವ್ನೆ, ಬತ್ತನೆ ಸುಮ್ಕಿರು.’ ಕೆ.ಆರ್. ಪೇಟೆ, ನಾಗಮಂಗಲದ ಎಷ್ಟೋ ಮನೆಗಳವರು ಮುಂಬೈಯಲ್ಲಿ ದುಡಿಯುವುದರಿಂದ ಮಗು ನಂಬಿಬಿಡುತ್ತದೆ. ತಾಪತ್ರಯ ಶುರುವಾಗುವುದೇ ನಂಬಿದ ಮೇಲೆ. ಬಾಂಬೆಗೆ ಹೋದವರೆಲ್ಲ ಫೋನು ಮಾಡುತ್ತಾರೆ, ಊರಹಬ್ಬಕ್ಕೆ ಬರುತ್ತಾರೆ. ಈ ಮಗುವಿನ ಅಪ್ಪ ಮಾತ್ರ ಬರುವುದಿಲ್ಲ.

ಇದೇ ಸೀಮೆಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಅಪ್ಪನ ತಿಥಿ ಮುಗಿದ ಮೇಲೆ ಶಾಲೆಗೆ ಬಂದ ಹುಡುಗನೊಬ್ಬ ಬಿಸಿಯೂಟದ ತಟ್ಟೆ ಹಿಡಿದುಕೊಂಡೇ ಕೇಳಿದ್ದ: ‘ಮಿಸ್, ನಾನ್ ಅವತ್ತು ಸೈಕಲ್ ಬೇಕು ಅಂತ ಹಟ ಮಾಡುದ್ನಲ್ಲ, ಅದ್ಕೇ ನಮ್ಮಪ್ಪ ಫೋನ್ ಮಾಡ್ತಿಲ್ವಾ?’ ದೊಡ್ಡವರು ಮುಚ್ಚಿಟ್ಟ ಕಡೆಯಲ್ಲೆಲ್ಲ ಮಗು ತನ್ನ ತಪ್ಪನ್ನೇ ತಂದು ತುಂಬುತ್ತದೆ.

ಅವನ ಅಜ್ಜಿಯನ್ನು ಕರೆಸಿದೆ. ‘ಯೋಳುದ್ರೆ ಮೊಗ ಬೆಚ್ಕಳಕಿಲ್ವಾ ಮೇಡಮ್ಮೋರೆ?’ ಅಂದರು. ಆಗಲೇ ಬೆಚ್ಚಿತ್ತು, ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು, ಅಂತ್ರವೂ ಕಟ್ಟಿಸಿದ್ದಾಗಿತ್ತು. ಕೊನೆಗೆ ಅಜ್ಜಿಯೇ ಹೇಳಿದರು: ಅಪ್ಪ ಸತ್ತುಹೋದ, ಇನ್ನು ಬರುವುದಿಲ್ಲ, ಅದರಲ್ಲಿ ನಿನ್ನದೇನೂ ತಪ್ಪಿಲ್ಲ, ನಾನಿದ್ದೀನಿ. ಹುಡುಗ ಅತ್ತ. ಆಮೇಲೆ ‘ನೀನೂ ಸಾಯ್ತೀಯಾ?’ ಅಂದ. ‘ಸಾಯ್ದೆ ಇರಕಾಯ್ತದಾ? ಆದ್ರೆ ನಿನ್ ಮದ್ವೆ ನೋಡ್ದೆ ಹೋಗಕಿಲ್ಲ ಕಣ್ಲಾ.’ ಇಂಥ ಮಾತು ಕೊಡಬಾರದೆಂದು ತಜ್ಞರು ಹೇಳಿಯಾರು. ಆ ಅಜ್ಜಿಯನ್ನು ತಿದ್ದಲು ನನಗಂತೂ ಮನಸ್ಸಾಗಲಿಲ್ಲ.

ಸಾವು ಒಂದು ಮನೆಗೆ ಬಂದರೆ ಹೀಗೆ. ಇಡೀ ಶಾಲೆಗೇ ಬಂದರೆ? 2018ರ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟ ಖಾಸಗಿ ಬಸ್ಸು ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಸತ್ತವರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಮಂಡ್ಯದ ನಟ ಅಂಬರೀಶ್ ತೀರಿಕೊಂಡರು. ಜಿಲ್ಲೆಯ ಅಳು ಅತ್ತ ತಿರುಗಿತು. ಮಂಡ್ಯದವರಿಗೆ ಅದು ಸಹಜ. ಆದರೆ ಜತೆಗಾರರು ಹೋದಮೇಲೂ ಬಸ್ಸು ಹತ್ತಿ ಅದೇ ನಾಲೆ ಏರಿಯ ಮೇಲೆ ಓಡಾಡಬೇಕಾದ ಮಕ್ಕಳಿದ್ದರಲ್ಲ?

ಅಂಥ ಮಗು ‘ಬಸ್ಸು ಬ್ಯಾಡ’ ಎಂದರೆ ಎಳೆದು ಹತ್ತಿಸಬಾರದು. ಹಾಗಂತ ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿಕೊಂಡರೆ ಭಯ ಬಲಿಯುತ್ತದೆ. ಮೊದಲು ನಿಂತ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂರಲಿ, ಆಮೇಲೆ ಅಮ್ಮನ ಜತೆ ಒಂದು ಸ್ಟಾಪು, ಆಮೇಲೆ ಎರಡು. ಶಾಲೆಯಲ್ಲಿ ಸತ್ತ ಗೆಳೆಯನ ಹೆಸರೆತ್ತಲು ಬಿಡಬೇಕು. ಹಾಜರಿ ಕೂಗುವಾಗ ಆ ಹೆಸರು ಯಾಕೆ ಬರಲಿಲ್ಲ ಎಂದು ಮೇಷ್ಟ್ರೇ ಹೇಳಬೇಕು. ಬಂದಬಂದವರ ಮುಂದೆಲ್ಲ ‘ಏನಾಯ್ತು ಹೇಳು ಮರಿ’ ಅಂತ ನಿಲ್ಲಿಸಕೂಡದು, ಟಿವಿಯವರ ಮುಂದಂತೂ ಬೇಡವೇ ಬೇಡ. 2023ರಲ್ಲಿ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಸತ್ತರು. ಇಂಥ ಸುದ್ದಿ ಬಂದಾಗಲೆಲ್ಲ ಹಳೇ ಹೆದರಿಕೆ ಏಳುತ್ತದೆ. ವರ್ಷಗಳಾದವಲ್ಲ ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಮಕ್ಕಳು ನೋವನ್ನು ಬಾಯಲ್ಲಿ ಹೇಳುವುದು ಕಡಿಮೆ. ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಬಿಟ್ಟಿದ್ದ ಬೆರಳು ಚೀಪುವುದು ಮತ್ತೆ ಶುರು, ಪಕ್ಕದವನಿಗೆ ಕಾರಣವಿಲ್ಲದೆ ಗುದ್ದು. ಗುದ್ದಿದವನಿಗೆ ನಾವು ಬೆತ್ತ ಎತ್ತುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಹೀಯಾಳಿಸುವುದನ್ನೂ ನಿಷೇಧಿಸಿದೆ. ಕಾಯ್ದೆ ಇರಲಿ ಬಿಡಲಿ, ಬೆಚ್ಚಿದ ಮಗುವಿಗೆ ಪೆಟ್ಟು ಕೊಟ್ಟರೆ ಇನ್ನಷ್ಟು ಬೆಚ್ಚುತ್ತದೆ, ಅಷ್ಟೆ. ಗಲಾಟೆ ಮಾಡುವವನಿಗಿಂತ ನನಗೆ ಹೆಚ್ಚು ಚಿಂತೆ ಇದ್ದಕ್ಕಿದ್ದಂತೆ ಮಾತು ಬಿಟ್ಟ ಹುಡುಗಿಯದು. ಅವಳನ್ನು ಎಲ್ಲರೂ ‘ಎಷ್ಟು ಜಾಣೆ’ ಅಂತ ಹೊಗಳಿ ಮರೆತುಬಿಡುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಆಟ, ನಂಬುವ ಒಬ್ಬರು ದೊಡ್ಡವರು ಇದ್ದರೆ ಬಹಳಷ್ಟು ಮಕ್ಕಳು ತಾವೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ‘ಸತ್ತೋಗ್ತೀನಿ’ ಅಂದರೆ ಅಂದೇ ತೋರಿಸಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮನೆಯವರೇ ಹೊಡೆಯುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಿ. ಅಂತ್ರ ಕಟ್ಟಿಸಬೇಕು ಅನ್ನುವ ಅಜ್ಜಿಯರ ಜತೆ ಜಗಳಕ್ಕೆ ಹೋಗಬೇಡಿ. ಮಗು ಅದನ್ನೂ ಕಟ್ಟಿಸಿಕೊಂಡೇ ಮಂಡ್ಯದ ಬಸ್ಸು ಹತ್ತಲಿ.