ಊದುವ ಕೊಳವೆಯಿಂದ ಕಟಕಟೆಯವರೆಗೆ

ಶನಿವಾರ ರಾತ್ರಿ ಹನ್ನೊಂದು ದಾಟಿದೆ. ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬ್ಯಾರಿಕೇಡುಗಳನ್ನು ಓರೆಯಾಗಿ ನಿಲ್ಲಿಸಿ, ಬರುವ ಗಾಡಿಗಳನ್ನೆಲ್ಲ ಒಂದೇ ಸಾಲಿಗೆ ತಂದಿದ್ದಾರೆ. ಹೊಳೆಯುವ ಜಾಕೆಟ್ ತೊಟ್ಟ ಸಂಚಾರ ಪೊಲೀಸರೊಬ್ಬರು ಬೈಕ್ ಸವಾರನನ್ನು ಪಕ್ಕಕ್ಕೆ ಕರೆದು ಹೇಳಿದರು: "ಗಾಡಿ ಆಫ್ ಮಾಡಿ ಸರ್, ಸ್ವಲ್ಪ ಊದಿ."

ಆ ಉಸಿರಿನಿಂದ ಶುರುವಾಗುವ ದಾರಿ ಠಾಣೆ, ಕೋರ್ಟು, ಆರ್‌ಟಿಒ ಎಂದು ತಿಂಗಳುಗಟ್ಟಲೆ ಸಾಗುತ್ತದೆ. "ಹತ್ತು ಸಾವಿರ ಕಟ್ಟಿದರೆ ಮುಗೀತು" ಎನ್ನುವ ಮಾತು ಊರಲ್ಲೆಲ್ಲ ಓಡಾಡುತ್ತಿದೆ. ಅದು ನಿಜವಲ್ಲ. ಈ ದಾರಿಯ ಒಂದೊಂದು ನಿಲ್ದಾಣದಲ್ಲೂ ಕಾನೂನು ಏನು ಕೇಳುತ್ತದೆ, ಆರೋಪ ಹೊತ್ತವನಿಗೆ ಏನು ಕೊಡುತ್ತದೆ ಎಂದು ತಿಳಿಯಲು ಆ ಸ್ಥಳಗಳನ್ನು ಸುತ್ತಿ ಬರೆದ ಬರಹವಿದು.

ಬ್ಯಾರಿಕೇಡಿನ ಬಳಿ

ಯಂತ್ರ ಅಂಗೈಗಿಂತ ಸ್ವಲ್ಪ ದೊಡ್ಡದು. ತುದಿಗೆ ಪ್ಲಾಸ್ಟಿಕ್ ಕೊಳವೆ. ಪೊಲೀಸರು ಹೊಸ ಕೊಳವೆಯನ್ನು ಕವರಿನಿಂದ ಬಿಚ್ಚಿ ಸಿಕ್ಕಿಸಿದರು. ಸವಾರ ತುಟಿಯಂಚಿನಲ್ಲಿ ಸುಮ್ಮನೆ ಗಾಳಿ ಬಿಟ್ಟ. "ಹಾಗಲ್ಲ, ಬೀಪ್ ನಿಲ್ಲೋವರೆಗೂ ಊದಬೇಕು" ಎಂದರು. ಎರಡನೆಯ ಸಲ ಶ್ವಾಸಕೋಶದ ಆಳದ ಉಸಿರು ಒಳಹೋಯಿತು. ಯಂತ್ರದೊಳಗೆ ಆ ಉಸಿರಿನ ಮದ್ಯಸಾರ ಲೋಹದ ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡು ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುತ್ತದೆ. ಮದ್ಯ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಅದನ್ನೇ ರಕ್ತದ ಲೆಕ್ಕಕ್ಕೆ ತಿರುಗಿಸಿ ಪರದೆಯ ಮೇಲೆ ಅಂಕಿ ತೋರಿಸುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ ಹಾಕಿದ ಗೆರೆ 30. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಬಾರದು. ಇಂಗ್ಲೆಂಡಿನಲ್ಲಿ ಈ ಮಿತಿ 80. ನಮ್ಮದು ಅದಕ್ಕಿಂತ ಬಹಳ ಬಿಗಿ.

"ಒಂದೇ ಬಿಯರ್ ಸರ್" ಎನ್ನುವುದು ಇಲ್ಲಿ ಪದೇಪದೇ ಕೇಳುವ ಮಾತು. ಲೆಕ್ಕ ಹಾಕಿ ನೋಡಿ. 650 ಮಿಲಿಲೀಟರಿನ ಒಂದು ಬಾಟಲಿ ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 35 ಗ್ರಾಂ ಮದ್ಯಸಾರ ಇರುತ್ತದೆ. 70 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು ಮಿತಿಯ ಎರಡು ಪಟ್ಟನ್ನು ದಾಟಿಸಬಲ್ಲದು. ದೇಹ ಗಂಟೆಗೆ 100 ಮಿಲಿಲೀಟರ್ ರಕ್ತಕ್ಕೆ ಹೆಚ್ಚುಕಡಿಮೆ 15 ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ ಅದನ್ನು ಕರಗಿಸುತ್ತದೆ. ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ತಡರಾತ್ರಿಯವರೆಗೆ ಕುಡಿದು ಮಲಗಿದವನು ಬೆಳಿಗ್ಗೆ ಏಳಕ್ಕೆ ಸ್ಟೇರಿಂಗ್ ಹಿಡಿದರೂ ಮಿತಿ ಮೀರಿರಬಹುದು. ಬೆಳಗಿನ ಹೊತ್ತು ಶಾಲಾ ವಾಹನಗಳ ಚಾಲಕರನ್ನೂ ಪೊಲೀಸರು ಊದಿಸಿ ನೋಡುವುದು ಇದಕ್ಕೇ.

"ಊದಲ್ಲ" ಎಂದರೆ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆಯೂ ಇದೆ. ಸಕಾರಣವಿಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಪ್ರಾಸಿಕ್ಯೂಷನ್ ಪರವಾದ ಸಾಕ್ಷ್ಯಕ್ಕೆ ಬಲವಾಗಿ ಬಳಸಬಹುದು ಎನ್ನುತ್ತದೆ 205ನೇ ಕಲಂ. ಬಂಧಿಸಿ ರಕ್ತ ಪರೀಕ್ಷೆಗೂ ಕಳಿಸಬಹುದು. ಇದರ ಎದುರಿಗೆ ಕಾನೂನು ಚಾಲಕನಿಗೂ ಒಂದು ರಕ್ಷಣೆ ಕೊಟ್ಟಿದೆ. 185ರ ಅಡಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು. 202ನೇ ಕಲಂ ಹೇಳುವ ಮಾತಿದು.

ಠಾಣೆಯ ಅಂಗಳ

ಸಂಚಾರ ಠಾಣೆಯ ಮುಂದೆ ಬೈಕು, ಸ್ಕೂಟರು, ಕಾರುಗಳ ಸಾಲು. ಕುಡಿಯದ, ಡಿಎಲ್ ಇರುವ ಜೊತೆಗಾರನಿದ್ದರೆ ಗಾಡಿ ಅವನ ಕೈಗೆ. ಇಲ್ಲದಿದ್ದರೆ ಗಾಡಿ ಠಾಣೆಗೆ, ಚಾಲಕ ಆಟೋದಲ್ಲಿ ಮನೆಗೆ. ಕೈಯಲ್ಲಿ ಒಂದು ನೋಟಿಸು, ಯಂತ್ರದಿಂದ ಹೊರಬಂದ ಒಂದು ಚೀಟಿ. ಪೊಲೀಸರ ಬಾಯಲ್ಲಿ ಇದು "ಡಿಡಿ ಕೇಸ್", ಅಂದರೆ ಡ್ರಂಕನ್ ಡ್ರೈವಿಂಗ್.

ಸಿಗ್ನಲ್ ಜಿಗಿದವನು, ಹೆಲ್ಮೆಟ್ ಇಲ್ಲದವನು ಸ್ಥಳದಲ್ಲೇ ದಂಡ ಕಟ್ಟಿ ಹೋಗುತ್ತಾನೆ. ಡಿಡಿ ಕೇಸಿನಲ್ಲಿ ಅದಾಗುವುದಿಲ್ಲ. ದಂಡ ಕಟ್ಟಿಸಿಕೊಂಡು ರಾಜಿಯಾಗಬಹುದಾದ ಅಪರಾಧಗಳ ಪಟ್ಟಿ 200ನೇ ಕಲಮಿನಲ್ಲಿದೆ. ಅದರಲ್ಲಿ 185 ಇಲ್ಲ. ಕೋರ್ಟಿಗೆ ಹೋಗಲೇಬೇಕು. ರಸ್ತೆಯಲ್ಲೇ "ಇಲ್ಲೇ ಏನಾದ್ರೂ ಮಾಡಿ ಸರ್" ಎಂದು ನೋಟು ಚಾಚುವವರು ತಿಳಿದಿರಬೇಕಾದ್ದು: 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಏಳು ವರ್ಷದವರೆಗೆ ಜೈಲು ತರಬಲ್ಲ ಅಪರಾಧ. ಆರು ತಿಂಗಳ ಶಿಕ್ಷೆಯ ಕೇಸಿನಿಂದ ಪಾರಾಗಲು ಏಳು ವರ್ಷದ ಕೇಸಿಗೆ ಕೈಹಾಕಿದಂತೆ. ಇನ್ನೊಂದು ಮಾತು. 185 ಜಾಮೀನು ಸಿಗುವ ಅಪರಾಧ. ಹೆದರಿ ಓಡುವ, ಪೊಲೀಸರ ಜೊತೆ ಕೈಕೈ ಮಿಲಾಯಿಸುವ ಅಗತ್ಯ ಯಾರಿಗೂ ಇಲ್ಲ.

ಮೇಯೋ ಹಾಲ್ ಆವರಣ

ನಗರದ ಕೋರ್ಟುಗಳು ಹಲವು ಕಟ್ಟಡಗಳಲ್ಲಿ ಹಂಚಿಹೋಗಿವೆ. ಯಾವ ದಿನ, ಯಾವ ಕೋರ್ಟು ಎಂಬುದು ನೋಟಿಸಿನಲ್ಲೇ ಇರುತ್ತದೆ. ನಾನು ಹೋದದ್ದು ಮೇಯೋ ಹಾಲ್ ಆವರಣಕ್ಕೆ. 1872ರಲ್ಲಿ ಅಂಡಮಾನಿನಲ್ಲಿ ಹತ್ಯೆಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ 1883ರಲ್ಲಿ ಕಟ್ಟಿದ ಕಟ್ಟಡ. ಮೇಲಂತಸ್ತಿನಲ್ಲಿ ಕೆಂಪೇಗೌಡ ವಸ್ತುಸಂಗ್ರಹಾಲಯ, ಸುತ್ತ ಕೋರ್ಟು ಹಾಲುಗಳು, ಎದುರಿಗೆ ಸದಾ ಗಿಜಿಗುಡುವ ರಸ್ತೆ.

ಹಾಲಿನ ಹೊರಗೆ ಕಂಪನಿಯ ಬ್ಯಾಗು ಹಾಕಿಕೊಂಡವರು, ಕ್ಯಾಬ್ ಚಾಲಕರು, ಕಾಲೇಜು ಹುಡುಗರು ಒಂದೇ ಗೋಡೆಗೆ ಒರಗಿ ನಿಂತಿದ್ದರು. ದಲಾಯತ್ ಹೆಸರು ಕೂಗುತ್ತಿದ್ದಂತೆ ಒಬ್ಬೊಬ್ಬರೇ ಒಳಗೆ. ಒಳಗಿನ ಕಲಾಪ ಬಲು ಚುಟುಕು. ಮ್ಯಾಜಿಸ್ಟ್ರೇಟರು ಆರೋಪದ ಸಾರಾಂಶ ತಿಳಿಸಿ, ಒಪ್ಪುತ್ತೀರೋ ಇಲ್ಲವೋ ಎಂದು ಕೇಳುತ್ತಾರೆ. "ತಪ್ಪಾಯ್ತು ಸ್ವಾಮಿ" ಎಂದರೆ ತಪ್ಪೊಪ್ಪಿಗೆ ದಾಖಲಾಗುತ್ತದೆ, ಶಿಕ್ಷೆ ಪ್ರಕಟವಾಗುತ್ತದೆ, ಗುಮಾಸ್ತರ ಮೇಜಿನಲ್ಲಿ ದಂಡದ ರಸೀದಿ ಸಿಗುತ್ತದೆ.

ಶಿಕ್ಷೆಯ ಲೆಕ್ಕ ಇದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಇದರ ಜೊತೆಗೆ ಜನ ಮರೆಯುವ ಒಂದು ಕಲಂ ಇದೆ. 20ನೇ ಕಲಂ ಪ್ರಕಾರ 185ರಲ್ಲಿ ತಪ್ಪಿತಸ್ಥನಾದವನನ್ನು ಕೋರ್ಟು ಕನಿಷ್ಠ ಆರು ತಿಂಗಳು ಚಾಲನೆಗೆ ಅನರ್ಹನನ್ನಾಗಿಸಬೇಕು.

ತಪ್ಪೊಪ್ಪಿಗೆಯ ತೂಕ ಅಲ್ಲಿ ನಿಂತವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಒಪ್ಪಿಕೊಂಡದ್ದು ಅಪರಾಧ. ದಾಖಲಾಗುವುದು ಕ್ರಿಮಿನಲ್ ಶಿಕ್ಷೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡ ಮೇಲೆ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಬಿಟ್ಟರೆ ಮೇಲ್ಮನವಿಗೆ ಅವಕಾಶವಿಲ್ಲ. ಮುಂದೆ ಕೆಲಸಕ್ಕೆ ಸೇರುವಾಗ, ವೀಸಾ ಅರ್ಜಿ ತುಂಬುವಾಗ "ನಿಮಗೆ ಶಿಕ್ಷೆಯಾಗಿದೆಯೇ" ಎಂಬ ಪ್ರಶ್ನೆ ಎದುರಾದರೆ ಸುಳ್ಳು ಬರೆಯುವಂತಿಲ್ಲ. ಅಮೆರಿಕದಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳಿಗೆ ಇದು ಇನ್ನೂ ಹತ್ತಿರದ ಮಾತು. ಅಲ್ಲಿ ಕುಡಿದು ಚಲಾಯಿಸಿ ಬಂಧನವಾದರೆ, ಶಿಕ್ಷೆಯಾಗುವ ಮೊದಲೇ ವೀಸಾ ರದ್ದುಮಾಡುವ ನೀತಿ 2015ರಿಂದ ಇದೆ.

ವಕೀಲರ ಹುಡುಕಾಟ

ಕೋರ್ಟಿನ ಗೇಟಿನಲ್ಲೇ ಒಬ್ಬಾತ ಬಳಿಗೆ ಬಂದ. ಕಪ್ಪು ಕೋಟಿಲ್ಲ, ಕೈಯಲ್ಲಿ ಫೈಲು. "ಡಿಡಿ ಕೇಸಾ? ಎರಡು ನಿಮಿಷದಲ್ಲಿ ಮುಗಿಸಿಕೊಡ್ತೀವಿ, ಒಳಗೆ ನಮ್ಮವರಿದ್ದಾರೆ." ಇಂಥವರ ಹಿಂದೆ ಹೋಗಬೇಡಿ. ವಕೀಲರು ಜಾಹೀರಾತು ಕೊಡುವುದನ್ನು, ಕಕ್ಷಿದಾರರನ್ನು ಹುಡುಕಿ ಹಿಡಿಯುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳು ನಿಷೇಧಿಸಿವೆ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂದು ಫಲಿತಾಂಶಕ್ಕೆ ಕಟ್ಟಿದ ಶುಲ್ಕವನ್ನೂ ಅವೇ ನಿಯಮಗಳು ಒಪ್ಪುವುದಿಲ್ಲ. ಕೋರ್ಟು ಆವರಣದ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು 2023ರಲ್ಲಿ ವಕೀಲರ ಕಾಯ್ದೆಗೆ ಮಾಡಿದ ತಿದ್ದುಪಡಿ ನ್ಯಾಯಾಧೀಶರಿಗೆ ಕೊಟ್ಟಿದೆ.

ಒಳ್ಳೆಯ ವಕೀಲರು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಅದೇ ಆವರಣದ ಮರದ ಕೆಳಗೆ ಕಂಡೆ. ಕ್ಯಾಬ್ ಚಾಲಕನೊಬ್ಬ ಹಿರಿಯ ವಕೀಲರನ್ನು ಕೇಳುತ್ತಿದ್ದ: "ಒಪ್ಕೊಂಡ್ರೆ ಇವತ್ತೇ ಮುಗಿಯುತ್ತಾ ಸಾರ್?" ಅವರು ಹೇಳಿದರು: "ಕೇಸು ಮುಗಿಯುತ್ತಪ್ಪ, ಡಿಎಲ್ ಹೋಗುತ್ತೆ. ಹೊಟ್ಟೆಪಾಡು ಅದರ ಮೇಲಲ್ವಾ? ಮೊದಲು ಆ ಚೀಟಿ ತೋರಿಸು."

ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಹೆಸರು, ಗಾಡಿ ನಂಬರು, ಪರೀಕ್ಷೆಯ ಸಮಯ, ಯಂತ್ರದ ಕ್ರಮಸಂಖ್ಯೆ, ಅಂಕಿ. ಆಮೇಲೆ ಪ್ರಶ್ನೆಗಳು. ಗಾಡಿ ಓಡುತ್ತಿತ್ತೋ, ನಿಂತಿತ್ತೋ? ಚಾಲನೆ ಮಾಡುತ್ತಿದ್ದಾಗ ಅಥವಾ ಅದಕ್ಕೆ ಯತ್ನಿಸುತ್ತಿದ್ದಾಗ ಮಾತ್ರ 185 ಅನ್ವಯ. ಊದುವ ಮುಂಚೆ ಬಾಯಿ ಮುಕ್ಕಳಿಸುವ ಔಷಧಿ ಬಳಸಿದ್ದೆಯಾ? ಅದರ ಮದ್ಯಸಾರ ಬಾಯಲ್ಲೇ ಉಳಿದು ಅಂಕಿ ಏರಿಸಬಲ್ಲದು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದರೆ ನಿಜ ತಿಳಿಯುತ್ತದೆ. ಯಂತ್ರದ ನಿಖರತೆಯ ತಪಾಸಣೆ ಕೊನೆಗೆ ಆದದ್ದು ಯಾವಾಗ, ಪ್ರಮಾಣಪತ್ರ ಇದೆಯೇ? ಬಂಧಿಸಿದ್ದರೆ ವೈದ್ಯರ ಬಳಿ ಎಷ್ಟು ಹೊತ್ತಿಗೆ ಕರೆದೊಯ್ದರು? ಬಾಯಿ ವಾಸನೆ, ತೂರಾಟ, ತೊದಲು ಮಾತು ಇಷ್ಟನ್ನೇ ನೆಚ್ಚಿ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟ್ ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿತ್ತು. ಪರೀಕ್ಷೆಯ ಕಾಗದಕ್ಕೆ ಇಷ್ಟು ಬೆಲೆ ಬರುವುದು ಇದಕ್ಕೇ.

ಎಲ್ಲ ಕೇಳಿದ ಮೇಲೆ ಅವರು ಕೊಟ್ಟ ಸಲಹೆ ಸರಳ: "ಎಲ್ಲ ಸರಿಯಾಗೇ ಇದೆಯಪ್ಪ. ಸುಳ್ಳು ಹೇಳಿ ವಾಯಿದೆ ಎಳೆಯೋದು ಬೇಡ. ಒಪ್ಕೋ. ಮೊದಲ ತಪ್ಪು, ಜೀವನ ಗಾಡಿ ಮೇಲೆ ಅಂತ ಶಿಕ್ಷೆ ಕಡಿಮೆ ಮಾಡಲು ಕೇಳೋಣ." ವಕೀಲರಿಂದ ನಾವು ಬಯಸಬೇಕಾದ್ದು ಇದನ್ನು. ದೋಷವಿದ್ದರೆ ಹೋರಾಟ, ಇಲ್ಲದಿದ್ದರೆ ನೇರ ಮಾತು.

ವಕಾಲತ್ತಿಗೆ ಸಹಿ ಹಾಕುವ ಮುನ್ನ ಮೂರು ಸಂಗತಿ ಕೇಳಿ. ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಏನು? ಒಟ್ಟು ಶುಲ್ಕ ಎಷ್ಟು, ಅದು ಒಂದು ದಿನದ ಹಾಜರಿಗೋ ಇಡೀ ಕೇಸಿಗೋ? ದಂಡದ ಹಣ ಅದರಲ್ಲಿ ಸೇರಿದೆಯೇ, ರಸೀದಿ ಯಾರ ಹೆಸರಿಗೆ? ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ದುಡ್ಡಿಲ್ಲದವರಿಗೂ ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಸಹಾಯವಾಣಿ 15100.

ಅಪಘಾತವಾಗಿದ್ದರೆ

ಯಾರಿಗಾದರೂ ಪೆಟ್ಟಾಗಿದ್ದರೆ, ಜೀವ ಹೋಗಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. 2006ರ ನವೆಂಬರಿನಲ್ಲಿ ಮುಂಬೈಯ ಕಾರ್ಟರ್ ರಸ್ತೆಯ ಪಕ್ಕ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಮಂದಿ ಸತ್ತರು. ಆ ಪ್ರಕರಣದಲ್ಲಿ ಚಾಲಕ ಅಲಿಸ್ಟರ್ ಪರೇರಾಗೆ ಆಗಿದ್ದ ಮೂರು ವರ್ಷದ ಕಠಿಣ ಸೆರೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಬರೀ ನಿರ್ಲಕ್ಷ್ಯವಲ್ಲ, ಪ್ರಾಣ ಹೋಗಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯ ಎಂದು ನೋಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ, ಅರಿವಿದ್ದು ಮಾಡಿದ ನರಹತ್ಯೆಗೆ ಹತ್ತು ವರ್ಷದವರೆಗೆ ಸೆರೆ ಇದೆ.

ವಿಮೆಯೂ ಕೈಕೊಡುತ್ತದೆ. ಕುಡಿದು ಓಡಿಸಿದ ಗಾಡಿಯ ಹಾನಿಗೆ ಪರಿಹಾರವಿಲ್ಲ ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಉಸಿರಿನ ಪರೀಕ್ಷೆ ಆಗದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿದದ್ದು ತಿಳಿದರೆ ವಿಮಾ ಕಂಪನಿ ಹಣ ನಿರಾಕರಿಸಬಹುದು ಎಂದು 2021ರಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆರ್‌ಟಿಒ ಕೌಂಟರು

ಕೊನೆಯ ನಿಲ್ದಾಣ ಕೋರಮಂಗಲದ ಬಿಡಿಎ ಸಂಕೀರ್ಣದ ಆರ್‌ಟಿಒ. ಕೋರ್ಟಿನ ದಂಡ ಕಟ್ಟಿದವರೂ ಇಲ್ಲಿ ಕಿಟಕಿಯ ಮುಂದೆ ನಿಲ್ಲಬೇಕಾಗುತ್ತದೆ. 185ರ ಕೇಸಿನಲ್ಲಿ ಪೊಲೀಸರು ವಶಪಡಿಸಿಕೊಂಡ ಡಿಎಲ್ ಲೈಸೆನ್ಸ್ ಪ್ರಾಧಿಕಾರಕ್ಕೆ ಹೋಗುತ್ತದೆ, ಅಮಾನತಿನ ಕ್ರಮ ಅಲ್ಲಿಂದ ಪ್ರತ್ಯೇಕವಾಗಿ ನಡೆಯುತ್ತದೆ. ಚಾಲಕನ ಮಾತು ಕೇಳಿ ಆದೇಶ ಮಾಡಬೇಕು. ಹಾಗಾಗಿ ಅಲ್ಲಿಂದ ನೋಟಿಸು ಬಂದರೆ ಉತ್ತರಿಸದೆ ಕೂರಬಾರದು. ಡಿಎಲ್ ವಾಪಸು ಪಡೆಯಲು ಪುನಶ್ಚೇತನ ತರಬೇತಿ ಮುಗಿಸಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಅನರ್ಹತೆಯ ಅವಧಿಯಲ್ಲಿ ಗಾಡಿ ಹತ್ತಿ ಸಿಕ್ಕಿಬಿದ್ದರೆ 182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಸೆರೆ, 10,000 ದಂಡ, ಅಥವಾ ಎರಡೂ. ಕಚೇರಿಯ ಹುಡುಗನಿಗೆ ಇದು ಬಸ್ಸು, ಮೆಟ್ರೊ ಹಿಡಿಯುವ ತೊಂದರೆ. ಕ್ಯಾಬ್, ಆಟೋ, ಲಾರಿ ಓಡಿಸುವವನಿಗೆ ತಿಂಗಳುಗಳ ಕೂಲಿಯೇ ಇಲ್ಲ. ಮನೆಯವರ ಊಟಕ್ಕೆ ಬರುವ ಶಿಕ್ಷೆ ಅದು.

ಆರೋಪ ಬಂದವರೆಲ್ಲ ಕೆಟ್ಟವರಲ್ಲ. ಅವರಿಗೆ ವಕೀಲರಿರಬೇಕು, ಯಂತ್ರವನ್ನು ಪ್ರಶ್ನಿಸುವ ಹಕ್ಕಿರಬೇಕು, ಕೋರ್ಟು ಅವರ ಮಾತು ಕೇಳಬೇಕು. ಅದೆಲ್ಲ ಇರಲೇಬೇಕು ಎಂದು ನಂಬಿಯೇ ಈ ಬರಹ. ಆದರೆ ಎಂಥ ವಕೀಲರೂ ಹೋದ ಜೀವವನ್ನು ವಾಪಸು ತರಲಾರರು. ನೋಟಿಸು ಬಂದಿದ್ದರೆ ಹೇಳಿದ ದಿನ ಕೋರ್ಟಿಗೆ ಹೋಗಿ, ಚೀಟಿ ಜೋಪಾನವಾಗಿಡಿ, ದಲ್ಲಾಳಿಯನ್ನು ದೂರವಿಡಿ. ಮುಂದಿನ ಸಲ ಗೆಳೆಯರೊಡನೆ ಕೂರುವ ಮುನ್ನ ಕೀಲಿಯನ್ನು ಮನೆಯಲ್ಲಿಟ್ಟು ಆಟೋದಲ್ಲಿ ಹೋಗಿ. ಜೊತೆಯವರು ಕುಡಿದು ಗಾಡಿ ಹತ್ತುತ್ತಿದ್ದರೆ, ಜಗಳವಾದರೂ ಸರಿ, ಕೀಲಿ ಕಿತ್ತುಕೊಳ್ಳಿ.